ಲಾರಿ ಸ್ವಿಚ್ಚಿನ ಡಬ್ಬಿ

ಹೋದ ತಿಂಗಳು ಮೊಮ್ಮಗಳು ಸಿರಿ ನನ್ನನ್ನು ಬ್ರೂಕ್‌ಫೀಲ್ಡಿನ ಒಂದು ಸಂಗೀತದ ಅಂಗಡಿಗೆ ಎಳಕೊಂಡು ಹೋದಳು. ಅವಳು ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾಳೆ. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಒಡೆದು ಗುರುಗುಟ್ಟುವ ಹಾಗೆ ಮಾಡುವ ಪೆಡಲ್ ಬರುತ್ತದಲ್ಲ, ಅದು ಬೇಕಿತ್ತು ಅವಳಿಗೆ. ಅಂಗಡಿಯಾತ ಗಾಜಿನ ಮೇಜಿನ ಮೇಲೆ ಐದಾರು ಬಣ್ಣದ ಡಬ್ಬಿಗಳನ್ನು ಜೋಡಿಸಿಟ್ಟು ನನ್ನ ಕಡೆ ತಿರುಗಿದ.

"ಅಂಕಲ್, ಮಾಮೂಲಿ ಗಿಟಾರಿಗೆ ಯಾವುದಾದ್ರೂ ನಡೆಯುತ್ತೆ. ಬೇಸ್‌ಗೆ ಮಾತ್ರ ಈ ಬ್ಲೆಂಡ್ ಅನ್ನೋ ತಿರುಪು ಇರೋದನ್ನೇ ತಗೊಳ್ಳಿ. ಒಡೆದ ದನಿ ಜೊತೆ ಒರಿಜಿನಲ್ ಕ್ಲೀನ್ ದನೀನೂ ಬೆರೆಸಿ ಕೊಡುತ್ತೆ. ಅದಿಲ್ದಿದ್ರೆ ಡ್ರಮ್ಸ್ ಶುರುವಾದ ತಕ್ಷಣ ನಿಮ್ಮ ಬೇಸ್ ಮಾಯ."

"ಗೊತ್ತಪ್ಪ," ಅಂದೆ.

ಸಿರಿ ನಕ್ಕಳು. "ತಾತಾ, ನಿಂಗ್ ಹೆಂಗೆ ಗೊತ್ತು?"

ಅಂಗಡಿಯಲ್ಲಿ ನಿಂತು ಹೇಳುವ ಮಾತಲ್ಲ ಅದು. ಅವಳಿಗೆ ಬ್ಲೆಂಡ್ ಇದ್ದದ್ದನ್ನೇ ಕೊಡಿಸಿ ಮನೆಗೆ ಬಂದೆ. ಅವತ್ತಿನಿಂದ ಆ ಮಳೆಗಾಲ ತಲೆಯಿಂದ ಇಳಿದಿಲ್ಲ.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷ ಆಗಿತ್ತು. ನಮ್ಮದು ಪೀಣ್ಯಕ್ಕೆ ಅಂಟಿಕೊಂಡ ಹಳ್ಳಿ. ಕೈಗಾರಿಕಾ ಪ್ರದೇಶ ಬಂದಾಗ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಒಂದು ಫೌಂಡ್ರಿ ಎದ್ದಿತು. ಅಪ್ಪ ಅದೇ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದ. ಎರಕದ ಅಚ್ಚಿಗೆ ಬೇಕಾದ ಮರಳನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಹದ ಮಾಡಿ ಕೊಡುವ ಕೆಲಸ. "ಆವಾಗ ಇಲ್ಲೇ ಕಳೆ ಕೀಳ್ತಿದ್ದೆ, ಈವಾಗ ಇಲ್ಲೇ ಮರಳು ಜರಡಿ ಇಡೀತೀನಿ. ಜಾಗ ಬದಲಾಯಿಸೋ ಪಂಚಾಯ್ತಿನೇ ಇಲ್ಲ," ಅಂತ ನಗುತ್ತಿದ್ದ. ಮುಷ್ಟಿಯಲ್ಲಿ ಮರಳು ಹಿಡಿದು ಒತ್ತಿ ಬಿಟ್ಟರೆ ಬೆರಳಿನ ಗುರುತು ಉಳಿಯಬೇಕು, ಅಷ್ಟು ಹದ. ಆ ಹದ ಅವನಿಗೆ ಬಿಟ್ಟರೆ ಆ ಶೆಡ್ಡಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಆದರೆ ಮರಳಿನ ಧೂಳು ಅವನ ಎದೆಗೆ ಇಳಿದಿತ್ತು. ಆ ವರ್ಷ ಜೂನಿನಲ್ಲಿ ಹಿಡಿದ ಕೆಮ್ಮು ಜುಲೈ ಮುಗಿದರೂ ಬಿಡಲಿಲ್ಲ. ಮಳೆಯಲ್ಲಿ ನೆನೆದು ಬಂದು ಹೊಸಿಲಲ್ಲಿ ಕೂತು ಕೆಮ್ಮುತ್ತಿದ್ದರೆ ಅವ್ವ ಒಲೆಯ ಮುಂದೆ ಕೈ ನಿಲ್ಲಿಸಿ ಕೇಳುತ್ತಾ ಕೂರುತ್ತಿದ್ದಳು, ಯಾವಾಗ ನಿಲ್ಲುತ್ತೆ ಅಂತ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಜಮಾನ್ರೇ, ಇನ್ನು ಮರಳಿನ ಹತ್ರ ಹೋಗ್ಬೇಡಿ. ಅಲ್ಲಿಗೆ ಹೋಗ್ತಾನೇ ಇದ್ರೆ ನಾನು ಯಾವ ಔಷಧಿ ಬರ್ಕೊಟ್ರೂ ವೇಸ್ಟು."

"ನಮ್ ಐದ ಕೆಲ್ಸಕ್ ಸೇರ್ಲಿ ಸೋಮಿ. ಆವತ್ತೇ ಬಿಟ್ಬುಡ್ತೀನಿ," ಅಂದ ಅಪ್ಪ.

ಆ ಹೈದ ನಾನು. ನಂಜುಂಡ, ಬಿ.ಎಸ್ಸಿ. ಇದನ್ನು ಈಗಲೂ ಹೆಮ್ಮೆಯಿಂದಲೇ ಬರೆಯುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಎಸ್ಸೆಸ್ಸೆಲ್ಸಿ ದಾಟಿದವರಿಲ್ಲ, ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರೇ ಇಬ್ಬರೋ ಮೂವರೋ. ಎಲೆಕ್ಟ್ರಾನಿಕ್ಸ್ ತೆಗೆದುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಮೂರು ವರ್ಷ ಕಾಲೇಜಿಗೆ ಹೋಗಿ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ಪಾಸಾಗಿ ಎರಡು ವರ್ಷವಾದರೂ ಕೆಲಸ ಇರಲಿಲ್ಲ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಜೇಬಲ್ಲಿ ಬೆವರು ಕುಡಿದು ಮೆತ್ತಗಾಗಿತ್ತು. ಹೊಟ್ಟೆಪಾಡಿಗೆ ಪೀಣ್ಯದ ಒಂದು ಸ್ಪೀಕರ್ ಶೆಡ್ಡಿನಲ್ಲಿ ದಿನಗೂಲಿಗೆ ಬೆಸುಗೆ ಹಾಕುತ್ತಿದ್ದೆ. ಅಲ್ಲಿ ಪಕ್ಕದ ಮೇಜಿನಲ್ಲಿ ಸರೋಜಕ್ಕ ಅಂತ ಒಬ್ಬರು ಸ್ಪೀಕರಿನ ಕಾಗದದ ಕೋನ್‌ಗಳಿಗೆ ಗೋಂದು ಹಚ್ಚಿ ಕೂರಿಸುತ್ತಿದ್ದರು. ನಾಲ್ಕನೇ ಕ್ಲಾಸು ಓದಿದವರು. ನನ್ನನ್ನು ಕರೆಯುತ್ತಿದ್ದದ್ದು "ಡಿಗ್ರಿ ಸಾಹೇಬ್ರೇ" ಅಂತ.

ಕೈಯಲ್ಲಿದ್ದ ಇನ್ನೊಂದು ವಿದ್ಯೆ ಬೇಸ್ ಗಿಟಾರ್. ಕಾಲೇಜಿನ ವಾದ್ಯವೃಂದದಲ್ಲಿ ಕಲಿತದ್ದು. ಜಾಲಹಳ್ಳಿಯಲ್ಲಿ ಒಂದು ದೊಡ್ಡ ಸರ್ಕಾರಿ ಕಾರ್ಖಾನೆ, ಅದರ ನೌಕರರದ್ದೇ ಒಂದು ಆರ್ಕೆಸ್ಟ್ರಾ ಇತ್ತು. ಅದರ ಮುಖ್ಯಸ್ಥ ರಾಜಣ್ಣ. ಕಾರ್ಖಾನೆಯಲ್ಲಿ ಫಿಟ್ಟರ್, ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ಮ್ಯೂಸಿಕ್ ಡೈರೆಕ್ಟರ್. ಅವರ ಬೇಸ್ ನುಡಿಸುವವರು ನಿವೃತ್ತರಾದ ಮೇಲೆ ನನ್ನನ್ನು ಹೊರಗಿನವನಾಗಿ ಕರೆಸಿಕೊಳ್ಳುತ್ತಿದ್ದ. ಗಿಟಾರು ಕ್ಲಬ್ಬಿನದೇ, ನನ್ನದು ಬೆರಳು ಮಾತ್ರ.

ಆಗಸ್ಟಿನ ಒಂದು ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ರಾಜಣ್ಣ ನನ್ನ ಭುಜ ಹಿಡಿದು ಜಗಲಿಗೆ ಕರೆದೊಯ್ದ.

"ಗುರು, ಒಂದು ಪೋಸ್ಟ್ ಬಿದ್ದಿದೆ. ಕಲ್ಚರಲ್ ಕೋಟಾದಲ್ಲಿ. ಫುಟ್‌ಬಾಲ್ ಆಡೋರ್ನ ತಗೋತಾರಲ್ಲ, ಅಂಗೇ. ಆರ್ಕೆಸ್ಟ್ರಾಗೆ ಬೇಸ್ ಬೇಕು ಅಂತ ಬರೆದು ಸ್ಯಾಂಕ್ಷನ್ ಮಾಡಿಸ್ಕೊಂಡಿದೀನಿ. ದಸರಾಗೆ ಮುಂಚೆ ಟ್ರಯಲ್ಲು. ಸೇರಿದ್ರೆ ಪರ್ಮನೆಂಟು. ಅಪ್ಪ ಅಮ್ಮಂಗೆ ಫ್ಯಾಕ್ಟರಿ ಆಸ್ಪತ್ರೆ."

ನನಗೆ ಆಸ್ಪತ್ರೆ ಅನ್ನುವ ಮಾತೊಂದೇ ಕಿವಿಗೆ ಬಿದ್ದದ್ದು.

"ಆದ್ರೆ ಒಂದು ವಿಷ್ಯ," ರಾಜಣ್ಣ ದನಿ ಇಳಿಸಿದ. "ಹೆಲ್ಪರ್ ಪೋಸ್ಟ್ ಕಣೋ. ಎಸ್ಸೆಸ್ಸೆಲ್ಸಿಗಿಂತ ಜಾಸ್ತಿ ಓದಿರ್ಬಾರ್ದು ಅಂತ ರೂಲಿದೆ. ಡಿಗ್ರಿ ಮಾಡಿರೋರು ಹೆಲ್ಪರ್ ಆಗಿ ಸೇರಿ, ಆರು ತಿಂಗಳಿಗೆ ಆಫೀಸಲ್ಲಿ ಕುರ್ಚಿ ಕೊಡಿ ಅಂತಾರೆ ಅಂತ ಇವ್ರ ಭಯ. ಅರ್ಜೀಲಿ ಬಿ.ಎಸ್ಸಿ. ಅಂತ ಬರೆದ್ಯೋ, ಫೈಲ್ ಅಲ್ಲೇ ಮಣ್ಣು."

"ಮತ್ತೆ?"

"ಮತ್ತೇನು, ಎಸ್ಸೆಸ್ಸೆಲ್ಸಿ ಅಂತ ಬರಿ. ಎಷ್ಟು ಜನ ಅಂಗೆ ಸೇರಿದಾರೆ ಗೊತ್ತಾ? ನನ್ ಸೆಕ್ಷನ್ನಲ್ಲೇ ಒಬ್ಬ ಎಂ.ಎ. ಅವ್ನೆ, ಟ್ರಾಲಿ ತಳ್ತಾನೆ."

ನನಗೆ ಡಿಸೆಂಬರಿಗೆ ಇಪ್ಪತ್ತೈದು ತುಂಬುತ್ತಿತ್ತು. ಆ ಕೋಟಾದ ವಯಸ್ಸಿನ ಮಿತಿಯೂ ಇಪ್ಪತ್ತೈದೇ. ಇದು ತಪ್ಪಿದರೆ ಇನ್ನೊಂದಿಲ್ಲ. ಅರ್ಜಿಯನ್ನು ಮನೆಯಲ್ಲಿ ತುಂಬುವ ಧೈರ್ಯ ಬರಲಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ, ಆದರೂ ಅವನೆದುರು ಆಗಲಿಲ್ಲ. ಕ್ಲಬ್ಬಿನ ಜಗಲಿಯಲ್ಲೇ, ಕೇರಂ ಬೋರ್ಡಿನ ಮೇಲೆ ಹಾಳೆ ಇಟ್ಟುಕೊಂಡು ಬರೆದೆ. ವಿದ್ಯಾರ್ಹತೆ ಅನ್ನುವ ಸಾಲಿಗೆ ಬಂದಾಗ ಪೆನ್ನು ನಿಂತಿತು. ರಾಜಣ್ಣ ಆಕಡೆ ತಿರುಗಿಕೊಂಡು ಮಳೆ ನೋಡುತ್ತಾ ನಿಂತ. ಎಸ್ಸೆಸ್ಸೆಲ್ಸಿ ಅಂತ ಬರೆದೆ. ಮೂರು ವರ್ಷ ಬಸ್ಸಿನ ಮೆಟ್ಟಿಲ ಮೇಲೆ ನಿಂತವನು ನಾನಲ್ಲ ಅಂತ ನಾನೇ ಬರೆದು ಸಹಿ ಹಾಕಿಕೊಟ್ಟ ಹಾಗಾಯಿತು. ಮನೆಯಲ್ಲಿ ಟ್ರಯಲ್ ಇದೆ ಅಂತ ಹೇಳಿದೆನೇ ಹೊರತು ಇದನ್ನು ಹೇಳಲಿಲ್ಲ.

ಟ್ರಯಲ್ಲಿಗೆ ರಾಜಣ್ಣ ತಾನೇ ಒಂದು ಟ್ಯೂನ್ ಕಟ್ಟಿದ್ದ. ಆಗ ಡಿಸ್ಕೋ ಗಾಳಿ. ಟ್ಯೂನಿನ ಶುರುವಿನಲ್ಲಿ ಎಂಟು ಸುತ್ತು ಬೇಸ್ ಒಂದೇ ಗುರುಗುಟ್ಟಬೇಕು, ಆಮೇಲೆ ಡ್ರಮ್ಸು, ಆರ್ಗನ್ನು, ಗಿಟಾರು ಒಟ್ಟಿಗೆ ಬಂದು ಬೀಳಬೇಕು. "ತುಂಬಿದ ಲಾರಿ ಫಸ್ಟ್ ಗೇರಲ್ಲಿ ದಿಬ್ಬ ಹತ್ತುತ್ತಲ್ಲ, ಆ ಸೌಂಡ್ ಬೇಕು ಗುರು," ಅಂತ ಅವನ ಹಟ. "ಯಾರು ಆ ಸೌಂಡನ್ನ ಕೊನೇ ತನಕ ಹಿಡಿದು ನಿಲ್ಲಿಸ್ತಾರೋ ಅವ್ರೇ ಸೆಲೆಕ್ಟು. ಕಂಟೋನ್ಮೆಂಟಿಂದ ಸ್ಟ್ಯಾನ್ಲಿ ಅಂತ ಒಬ್ಬ ಬರ್ತಿದಾನೆ. ನಿನಗಿಂತ ಬೆರಳು ಚೆನ್ನಾಗಿದೆ, ಈಗ್ಲೇ ಹೇಳಿಬಿಡ್ತೀನಿ."

ಆಗ ನಮ್ಮೂರಲ್ಲಿ ಪೆಡಲ್ ಅಂದರೆ ಸೈಕಲ್ಲಿನದು. ಗಿಟಾರಿನ ಪೆಡಲ್ ಹುಡುಕಿಕೊಂಡು ಸಿಟಿಗೆ ಹೋದೆ. ವಾದ್ಯ ರಿಪೇರಿ ಮಾಡುವ ಒಬ್ಬರ ಹತ್ತಿರ ಎರಡಿದ್ದವು. ಒಂದು ಫಾರಿನ್ನಿನದು, ಕೆಂಪು ಬಣ್ಣ, ಅಂಗೈಯಗಲ. ಇನ್ನೊಂದು ಇಲ್ಲೇ ಯಾರೋ ತಗಡಿನ ಡಬ್ಬಿಯಲ್ಲಿ ಮಾಡಿದ್ದು. ಒಂದು ವಾರದ ಮಟ್ಟಿಗೆ ಎರಡನ್ನೂ ಕೊಟ್ಟರು. ಕ್ಲಬ್ಬಿನ ಗಿಟಾರನ್ನು ಮನೆಗೆ ತಂದು, ಬಾಗಿಲು ಮುಚ್ಚಿಕೊಂಡು, ಸಣ್ಣ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿ ನೋಡಿದೆ. ತಗಡಿನದು ಡಬ್ಬದೊಳಗೆ ಜೀರುಂಡೆ ಬಿಟ್ಟ ಹಾಗೆ ಗುಂಯ್‌ಗುಟ್ಟಿತು. ಕೆಂಪು ಡಬ್ಬಿ ಒತ್ತಿದರೆ ಗೋಡೆ ನಡುಗಿತು. ಅವ್ವ ಒಲೆ ಬಿಟ್ಟು ಎದ್ದು ಬಂದಳು.

"ಏನ್ಲಾ ಅದು, ಸಿಡ್ಲು?"

"ಕೆಲಸ ಕಣವ್ವಾ, ಕೆಲಸ!" ಅಂದೆ. ಅಷ್ಟು ಖುಷಿಯಾಗಿತ್ತು.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಕೆಂಪು ಡಬ್ಬಿ ಒತ್ತಿ ಶುರು ಮಾಡಿದೆ. ಎಂಟು ಸುತ್ತು ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಒಂಬತ್ತನೆಯ ಸುತ್ತಿಗೆ ಡ್ರಮ್ಸು, ಆರ್ಗನ್ನು ಬಿದ್ದವು ನೋಡಿ, ನನ್ನ ಬೆರಳು ಆಡುತ್ತಿದೆ, ತಂತಿ ನಡುಗುತ್ತಿದೆ, ದನಿ ಇಲ್ಲ. ಸೊಳ್ಳೆ ಹಾರಿದ ಹಾಗೆ ಒಂದು ಸದ್ದು ಗಿಟಾರಿನ ಹಿಂದೆ ಎಲ್ಲೋ ಕೇಳುತ್ತಿತ್ತು. ಹಾಡಿನ ಕೆಳಗೆ ನೆಲವೇ ಇಲ್ಲ. ರಾಜಣ್ಣ ಆರ್ಗನ್ನಿನಿಂದ ಕೈ ಎತ್ತಿದ.

"ಬೇಸ್ ಎಲ್ಲೋಯ್ತು ಗುರು? ಟೀ ಕುಡಿಯಕ್ಕೆ ಹೋಯ್ತಾ?"

ಎಲ್ಲರೂ ನಕ್ಕರು. ನಾನು ವಾಲ್ಯೂಮ್ ಏರಿಸಿದೆ, ಸೊಳ್ಳೆ ದೊಡ್ಡದಾಯಿತೇ ಹೊರತು ಲಾರಿ ಬರಲಿಲ್ಲ. ಡಬ್ಬಿ ಆಫ್ ಮಾಡಿದರೆ ಬೇಸ್ ಗುಂಡಗೆ, ಗಟ್ಟಿಯಾಗಿ ವಾಪಸ್ಸು ಬರುತ್ತಿತ್ತು, ಆದರೆ ಗುರುಗುಡುವುದಿಲ್ಲ. ಒಬ್ಬನೇ ಬಾಗಿಲು ಮುಚ್ಚಿಕೊಂಡು ಕೇಳಿ ಆರಿಸಿದ್ದೇ ತಪ್ಪು. ಈ ಡಬ್ಬಿಗಳೆಲ್ಲ ಮಾಮೂಲಿ ಗಿಟಾರಿಗೆ ಮಾಡಿದವು. ದನಿಯನ್ನು ಒಡೆದು ಮೇಲಿನ ಚೂಪು ಸ್ವರಗಳನ್ನು ಎಬ್ಬಿಸುತ್ತವೆ, ಕೆಳಗಿನ ದಪ್ಪ ಸ್ವರವನ್ನು ನುಂಗಿಬಿಡುತ್ತವೆ. ಒಂಟಿಯಾಗಿ ಕೇಳಿದಾಗ ಅದು ಗೊತ್ತಾಗುವುದಿಲ್ಲ. ನಾಲ್ಕು ವಾದ್ಯಗಳ ನಡುವೆ ನಿಂತಾಗಲೇ ಏನು ಕಳೆದುಹೋಗಿದೆ ಅಂತ ಕಾಣುವುದು.

ಆ ವಾರ ಅಪ್ಪನ ಕೆಮ್ಮಿನಲ್ಲಿ ಮೊದಲ ಸಲ ರಕ್ತ ಕಂಡಿತು. ಟವೆಲ್ಲನ್ನು ತಾನೇ ಬಚ್ಚಲಿನಲ್ಲಿ ಒಗೆದು ಹಾಕಿದ, ಅವ್ವನಿಗೆ ಕಾಣಬಾರದೆಂದು. ನಾನು ನೋಡಿದೆ ಅಂತ ಅವನಿಗೂ ಗೊತ್ತಾಯಿತು.

"ಎಲೆ ಅಡ್ಕೆ ಕಣ್ಲಾ," ಅಂದ.

ಅವನು ಎಲೆ ಅಡಿಕೆ ಬಿಟ್ಟು ಎರಡು ತಿಂಗಳಾಗಿತ್ತು.

ಟ್ರಯಲ್ಲಿಗೆ ಮೂರು ಭಾನುವಾರ ಉಳಿದಿತ್ತು. ಎರಡು ಡಬ್ಬಿಗಳನ್ನೂ ವಾಪಸ್ಸು ಕೊಟ್ಟು ಬಂದೆ. ಸಿಗುವ ಡಬ್ಬಿಯಲ್ಲಿ ನನಗೆ ಬೇಕಾದ್ದು ಇಲ್ಲ ಅಂದಮೇಲೆ ನಾನೇ ಮಾಡಬೇಕು, ಎಲೆಕ್ಟ್ರಾನಿಕ್ಸ್ ಓದಿದ್ದು ಮತ್ತೇತಕ್ಕೆ ಅಂದುಕೊಂಡೆ. ಲೆಕ್ಕ ಸರಳ. ಗಿಟಾರಿನಿಂದ ಬರುವ ದನಿಯನ್ನು ಎರಡು ದಾರಿಗೆ ಕವಲು ಒಡೆಸಬೇಕು. ಒಂದು ದಾರಿಯಲ್ಲಿ ಅದು ಒಡೆದು ಗುರುಗುಡಲಿ. ಇನ್ನೊಂದರಲ್ಲಿ ಏನೂ ಮಾಡದೆ ಶುದ್ಧವಾಗಿ ಹೋಗಲಿ. ಕೊನೆಗೆ ಎರಡನ್ನೂ ಒಂದು ತಿರುಪಿನಲ್ಲಿ ಬೆರೆಸಿದರೆ ದಪ್ಪವೂ ಉಳಿಯುತ್ತದೆ, ಗುರುಗುಟ್ಟುವುದೂ ಉಳಿಯುತ್ತದೆ.

ಎಸ್.ಪಿ. ರೋಡಿನಲ್ಲಿ ಟ್ರಾನ್ಸಿಸ್ಟರು, ಕೆಪಾಸಿಟರು ಆರಿಸಿ ತಂದೆ. ಶೆಡ್ಡಿನ ಪಕ್ಕದ ಶೀಟ್ ಮೆಟಲ್‌ನವರು ಅಲ್ಯೂಮಿನಿಯಂ ತುಂಡೊಂದನ್ನು ಬಗ್ಗಿಸಿ ಡಬ್ಬಿ ಮಾಡಿಕೊಟ್ಟರು. ಕಾಲಲ್ಲಿ ಒತ್ತುವ ಸ್ವಿಚ್ಚು ಮಾತ್ರ ಎಲ್ಲೂ ಸಿಗಲಿಲ್ಲ. ಯಶವಂತಪುರದಲ್ಲಿ ನಿಂತ ಲಾರಿಗಳನ್ನು ನೋಡುತ್ತಾ ಬರುವಾಗ ಹೊಳೆಯಿತು. ಆಗಿನ ಲಾರಿಗಳಲ್ಲಿ ಹೆಡ್‌ಲೈಟ್ ಡಿಮ್ಮು ಡಿಪ್ಪು ಮಾಡುವ ಸ್ವಿಚ್ಚು ನೆಲದಲ್ಲಿರುತ್ತಿತ್ತು, ಡ್ರೈವರ್ ಎಡಗಾಲಲ್ಲಿ ಒತ್ತುತ್ತಿದ್ದ. ಗುಜರಿಯಲ್ಲಿ ಅಂಥದ್ದೊಂದನ್ನು ಹುಡುಕಿ, ಗ್ರೀಸ್ ಒರೆಸಿ, ಡಬ್ಬಿಯ ನೆತ್ತಿಗೆ ಕೂರಿಸಿದೆ. ಒತ್ತಿದರೆ ಟಕ್ಕೆಂದು ಇಡೀ ಶೆಡ್ಡಿಗೆ ಕೇಳುತ್ತಿತ್ತು.

"ಡಿಗ್ರಿ ಸಾಹೇಬ್ರು ಲಾರಿ ಬಿಡ್ತಾವ್ರೆ," ಅಂದರು ಸರೋಜಕ್ಕ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕ್ಲಬ್ಬಿನ ಗಿಟಾರನ್ನು ಡಬ್ಬಿಯ ಮೂಲಕ ಶೆಡ್ಡಿನ ದೊಡ್ಡ ಸ್ಪೀಕರಿಗೆ ಸಿಕ್ಕಿಸಿದೆ. ತಿರುಪನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಶುದ್ಧ ದನಿ, ದಪ್ಪಗೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಒಡೆದ ದನಿ, ಒರಟಾಗಿ. ಇನ್ನೇನು ಎರಡೂ ಸೇರಿ ಬರುತ್ತದೆ ಅಂತ ನಡುವೆ ತಂದು ನಿಲ್ಲಿಸಿದೆ. ದನಿ ಸತ್ತುಹೋಯಿತು. ಕೆಂಪು ಡಬ್ಬಿಗಿಂತ ಕಡೆ. ದಪ್ಪ ಪೂರ್ತಿ ಮಾಯ, ತೆಳ್ಳಗೆ ಕಿರಗುಟ್ಟುವ ಎಳೆಯೊಂದು ಉಳಿಯಿತು.

ಬೆಸುಗೆ ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಟ್ರಾನ್ಸಿಸ್ಟರ್ ಬದಲಿಸಿದೆ. ಮಾರನೇ ದಿನ ಊಟ ಬಿಟ್ಟು ಕೂತೆ, ಅದರ ಮಾರನೇ ದಿನವೂ. ಎಡಕ್ಕೆ ಸರಿ, ಬಲಕ್ಕೆ ಸರಿ, ನಡುವೆ ಸಾವು. ಒಂದು ಭಾನುವಾರ ಹಾಗೇ ಹೋಯಿತು, ಪ್ರಾಕ್ಟೀಸಿಗೆ ಹೊಟ್ಟೆನೋವು ಅಂತ ಹೇಳಿ ಕಳಿಸಿದೆ. ಇನ್ನೊಂದು ವಾರಕ್ಕೆ ಬೆಸುಗೆಯ ಕಾದ ಕಬ್ಬಿಣದ ತುದಿ ಬೆರಳಿಗೆ ತಾಗಿದರೂ ಗೊತ್ತಾಗುತ್ತಿರಲಿಲ್ಲ. ಓದಿದ್ದೆಲ್ಲ ಸುಳ್ಳೇನೋ ಅನ್ನಿಸಿತು. ಎಸ್ಸೆಸ್ಸೆಲ್ಸಿ ಅಂತ ಬರೆದದ್ದೇ ನಿಜ ಇರಬೇಕು, ನನ್ನ ಯೋಗ್ಯತೆ ಅಷ್ಟೇ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಸರೋಜಕ್ಕ ಬುತ್ತಿ ಮುಚ್ಚಿಟ್ಟು ಬಂದರು. "ಯಾಕ್ ತಮ್ಮಾ ಅದುನ್ನ ಒಡೀತೀಯಾ? ಇನ್ನೊಂದ್ ಕಿತ ಬಾರ್ಸು, ಕೇಳ್ತೀನಿ."

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಅಕ್ಕಾ."

"ಆಗ್ದಿದ್ರೆ ಬುಡು. ಕಿವಿ ಐತಲ್ಲ. ಬಾರ್ಸು."

ಬಾರಿಸಿದೆ. ತಿರುಪನ್ನು ಆಕೆಯೇ ಆಕಡೆ ಈಕಡೆ ತಿರುಗಿಸಿದರು. ನಡುವೆ ಬಂದಾಗ ಸ್ಪೀಕರಿನ ಕೋನಿನ ಮೇಲೆ ಮೆಲ್ಲಗೆ ಬೆರಳಿಟ್ಟರು.

"ಒಂದು ಈಚೆ ತಳ್ಳಕ್ಕೋಗ್ತದೆ, ಇನ್ನೊಂದು ಒಳಕ್ ಎಳೀತದೆ. ಡಬ್ಬದಾಗೆ ಎಲ್ಡು ಸ್ಪೀಕರ್ ಕೂರ್ಸುವಾಗ ಒಂದುನ್ನ ಉಲ್ಟಾ ಕಟ್ಟಿದ್ರೆ ಇಂಗೇ ಆಗದು. ಎಲ್ಡೂ ಕಿತ್ತಾಡ್ಕೊಂಡು ದಪ್ಪ ಸೌಂಡು ಸತ್ತೋಗದು. ಅದ್ಕೇ ಅಲ್ವಾ ನಾನು ಒಂದೊಂದ್ಕೂ ಸೆಲ್ಲು ಮುಟ್ಟಿಸಿ ಕೆಂಪು ಚುಕ್ಕೆ ಇಡೋದು?"

ದಿನಾ ನೋಡುತ್ತಿದ್ದೆ ನಾನು ಅದನ್ನು. ಪ್ರತಿ ಸ್ಪೀಕರಿನ ಎರಡು ತುದಿಗೆ ಟಾರ್ಚ್ ಸೆಲ್ಲು ಮುಟ್ಟಿಸುತ್ತಿದ್ದರು. ಕೋನ್ ಮುಂದಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಗೆ ಕೆಂಪು ಬಣ್ಣದ ಚುಕ್ಕೆ. ಒಂದು ಟ್ರಾನ್ಸಿಸ್ಟರಿನ ಒಳಗೆ ಹೋದ ಅಲೆ ಹೊರಗೆ ತಲೆಕೆಳಗಾಗಿ ಬರುತ್ತದೆ ಅಂತ ಫೈನಲ್ ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದವನು ನಾನು. ಒಡೆದ ದನಿಯ ದಾರಿಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು, ಶುದ್ಧ ದನಿಯ ದಾರಿಯಲ್ಲಿ ಇರಲಿಲ್ಲ. ಒಂದು ತಲೆಕೆಳಗು, ಇನ್ನೊಂದು ನೆಟ್ಟಗೆ. ಎರಡೂ ಸೇರಿದಾಗ ಒಂದನ್ನೊಂದು ತಿಂದುಹಾಕುತ್ತಿದ್ದವು.

ಶುದ್ಧ ದಾರಿಗೂ ಒಂದು ಟ್ರಾನ್ಸಿಸ್ಟರ್ ಹಾಕಿದೆ. ಕಾಲು ಗಂಟೆಯ ಕೆಲಸ. ತಿರುಪು ನಡುವೆ ನಿಲ್ಲಿಸಿ ಕೆಳಗಿನ ತಂತಿ ಮೀಟಿದರೆ ಶೆಡ್ಡಿನ ತಗಡಿನ ಸೂರು ಝಲ್ಲೆಂದಿತು. ಲಾರಿ ದಿಬ್ಬ ಹತ್ತಿತು. ಸರೋಜಕ್ಕ ಎರಡೂ ಕಿವಿ ಮುಚ್ಚಿಕೊಂಡು ನಗುತ್ತಾ ನಿಂತರು. ನನಗೆ ಅಳು ಬಂತು. ಅವರೇ ಶೆಡ್ಡಿನ ಯಜಮಾನರ ಹತ್ತಿರ ಮಾತಾಡಿ ಟ್ರಯಲ್ಲಿಗೆ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನೂ ಕೊಡಿಸಿದರು.

ಟ್ರಯಲ್ಲಿನ ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಪೆಟ್ಟಿಗೆ ಸಾಗಿಸಲು ಅಪ್ಪ ಫೌಂಡ್ರಿಯ ಕೈಗಾಡಿ ಕೇಳಿ ತಂದಿದ್ದ. ಬೇಡ, ನಾನು ಹೇಗೋ ತಗೊಂಡು ಹೋಗ್ತೀನಿ ಅಂದರೆ ಕೇಳಲಿಲ್ಲ. ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ತಾನು ತಲೆಗೆ ಗೋಣಿ ಹಾಕಿಕೊಂಡು, ಪೀಣ್ಯದಿಂದ ಜಾಲಹಳ್ಳಿವರೆಗೆ ತಳ್ಳಿದ. ನಾನು ಮುಂದೆ ಎಳೆದೆ. ದಿಬ್ಬದಲ್ಲಿ ಎರಡು ಸಲ ನಿಂತು ಕೆಮ್ಮಿದ.

"ಇದೊಂದ್ ಆಗೋದ್ರೆ ನಾಳೆಯಿಂದ ಮರಳ್ಗೆ ಒಂದ್ ನಮಸ್ಕಾರ," ಅಂದ.

ಹಾಲಿನಲ್ಲಿ ನೌಕರರ ಮನೆಯವರೆಲ್ಲ ಕೂತಿದ್ದರು. ಮುಂದಿನ ಸಾಲಿನಲ್ಲಿ ನೇಮಕಾತಿ ನೋಡಿಕೊಳ್ಳುವ ಪರ್ಸನೆಲ್ ಆಫೀಸರು, ತೊಡೆಯ ಮೇಲೆ ಎರಡು ಅರ್ಜಿ. ಅಪ್ಪ ಒಳಗೆ ಬರಲು ನಾಚಿ, ಕೆಸರು ಕಾಲಲ್ಲಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತ.

ಮೊದಲು ಸ್ಟ್ಯಾನ್ಲಿ. ಒಳ್ಳೆಯ ಮನುಷ್ಯ, ನನ್ನ ಕೈ ಕುಲುಕಿ "ಆಲ್ ದಿ ಬೆಸ್ಟ್ ಮಚ್ಚಾ" ಅಂದು ಹೋದ. ಅವನ ಹತ್ತಿರವೂ ಫಾರಿನ್ ಪೆಡಲ್, ನಮ್ಮ ಮನೆಯ ಗೋಡೆ ನಡುಗಿಸಿದ್ದ ಕೆಂಪು ಡಬ್ಬಿಯ ಜಾತಿಯದೇ. ಎಂಟು ಸುತ್ತು ಅದ್ಭುತವಾಗಿ ಬಾರಿಸಿದ. ಒಂಬತ್ತನೆಯ ಸುತ್ತಿಗೆ ಎಲ್ಲರೂ ಸೇರಿದಾಗ ಮುಳುಗಿಹೋದ. ಆಫೀಸರು ಪಕ್ಕದವರನ್ನು "ಆ ಉದ್ದ ಗಿಟಾರ್ ಕೇಳ್ತಾನೇ ಇಲ್ವಲ್ರೀ" ಅಂತ ಕೇಳಿದ್ದು ನನಗೂ ಕೇಳಿಸಿತು.

ಆಮೇಲೆ ನಾನು. ಲಾರಿ ಸ್ವಿಚ್ಚು ಟಕ್ಕೆಂದಾಗ ಯಾರೋ ನಕ್ಕರು. ಎಂಟು ಸುತ್ತು ಆಯಿತು. ಡ್ರಮ್ಸು ಬಿತ್ತು, ಆರ್ಗನ್ನು ಬಿತ್ತು, ಗಿಟಾರು ಬಿತ್ತು, ನನ್ನ ದನಿ ಎಲ್ಲದರ ಅಡಿಯಲ್ಲಿ ಹಾಗೇ ನಿಂತಿತ್ತು. ಬೆರಳು ಎರಡು ಕಡೆ ತಪ್ಪಿತು, ಅಷ್ಟು ನೆನಪಿದೆ. ಯಾರಿಗೂ ಅದು ಬೇಕಿರಲಿಲ್ಲ. ಬೆಂಚುಗಳು ನಡುಗುತ್ತಿದ್ದವು, ಜನ ಚಪ್ಪಾಳೆಯಲ್ಲೇ ತಾಳ ಹಾಕುತ್ತಿದ್ದರು. ಮುಗಿದಾಗ ರಾಜಣ್ಣ ಆರ್ಗನ್ನಿನ ಹಿಂದಿನಿಂದ ನನಗೊಬ್ಬನಿಗೇ ಕಾಣುವ ಹಾಗೆ ಹೆಬ್ಬೆರಳು ಎತ್ತಿದ.

ಆಫೀಸರು ಎದ್ದು ಬಂದು ಡಬ್ಬಿಯ ಮುಂದೆ ಬಗ್ಗಿದರು. "ಇದು ಎಲ್ಲಿ ಸಿಗುತ್ತಪ್ಪಾ?"

"ಇವನೇ ಮಾಡಿದ್ದು ಸಾರ್," ಅಂದ ರಾಜಣ್ಣ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಆಫೀಸರು ಅರ್ಜಿ ತಿರುವಿ ನೋಡಿದರು. ನಿಜವಾದ ಮೆಚ್ಚುಗೆಯಿಂದಲೇ ಗಟ್ಟಿಯಾಗಿ ಓದಿದರು. "ಎಸ್ಸೆಸ್ಸೆಲ್ಸಿ! ನೋಡ್ರೀ, ಬರೀ ಎಸ್ಸೆಸ್ಸೆಲ್ಸಿ ಓದಿರೋ ಹುಡುಗ ಎಂಥದ್ದು ಮಾಡಿದಾನೆ!" ಜೇಬಿನಿಂದ ಪೆನ್ನು ತೆಗೆದು ಕ್ಯಾಪ್ ಬಿಚ್ಚಿದರು.

ಬಾಗಿಲ ಹತ್ತಿರ ಒಂದು ಕೆಮ್ಮು ಕೇಳಿತು. ಅಪ್ಪ ಬರುತ್ತಿದ್ದ. ತೊಳೆದು ಹೊಳೆಯುತ್ತಿದ್ದ ಆ ನೆಲದ ಮೇಲೆ ಕೆಸರು ಹೆಜ್ಜೆ ಇಡುತ್ತಾ, ಗೋಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಟ್ಟಗೆ ಬರುತ್ತಿದ್ದ. ರಾಜಣ್ಣ ಅಡ್ಡ ಹೋದ.

"ಯಜಮಾನ್ರೇ, ಬನ್ನಿ ಬನ್ನಿ, ಕಾಫಿ ಕುಡಿಯೋಣ."

"ಇರಪ್ಪಾ," ಅಪ್ಪ ಅವನ ಕೈ ಸರಿಸಿದ. "ಸೋಮಿ, ತಪ್ಪು ತಿಳ್ಕಬ್ಯಾಡಿ. ಯಾರೋ ತಪ್ಪು ಬರ್ದವ್ರೆ. ಎಸ್ಸೆಸ್ಸೆಲ್ಸಿ ಅಲ್ಲ. ಬಿ.ಎಸ್ಸಿ. ಓದವ್ನೆ ನನ್ ಮಗ. ಪಸ್ಟ್ ಕ್ಲಾಸು. ನಾನು ಎಬ್ಬೆಟ್ಟು ಸೋಮಿ, ನಮ್ಮಪ್ಪಾನೂ ಎಬ್ಬೆಟ್ಟು. ಇವ್ನು ಡಿಗ್ರಿ ತಗಂಡವ್ನೆ."

ಅಷ್ಟು ಜನರ ಮುಂದೆ ಅವನು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆಫೀಸರು ನನ್ನ ಮುಖ ನೋಡಿದರು. "ಹೌದೇನಪ್ಪಾ?"

ರಾಜಣ್ಣ ಅಪ್ಪನ ಹಿಂದೆ ನಿಂತು ಇಲ್ಲ ಅನ್ನು, ಇಲ್ಲ ಅನ್ನು ಅಂತ ತಲೆ ಆಡಿಸುತ್ತಿದ್ದ. ಸುಲಭವಿತ್ತು. ಅಪ್ಪನಿಗೆ ಓದು ಬರಲ್ಲ ಸಾರ್, ಗೊತ್ತಿಲ್ಲದೆ ಹೇಳ್ತಿದಾರೆ ಅಂದಿದ್ದರೆ ಮುಗಿಯುತ್ತಿತ್ತು. ಆ ಅಧಿಕಾರಿ ನಂಬುವುದಕ್ಕೆ ಸಿದ್ಧವಾಗಿಯೇ ಇದ್ದರು, ಪೆನ್ನು ಹಾಳೆಯ ಮೇಲೇ ಇತ್ತು. ಅಪ್ಪನ ಎದೆ ಉಳಿಯಬೇಕಾದರೆ ನಾನು ಅಪ್ಪನನ್ನು ಅಷ್ಟು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಬೇಕಿತ್ತು. ಅವನು ನನ್ನನ್ನೇ ನೋಡುತ್ತಾ ನಿಂತಿದ್ದ, ಹೇಳು ಮಗಾ ಅನ್ನುವ ಹಾಗೆ.

"ಹೌದು ಸಾರ್," ಅಂದೆ.

ಆಫೀಸರು ಪೆನ್ನಿನ ಕ್ಯಾಪ್ ಮುಚ್ಚಿದರು. ಕೆಟ್ಟವರಲ್ಲ. ಸುಳ್ಳು ಬರೆದಿದ್ದಕ್ಕೆ ಅವರು ಏನು ಬೇಕಾದರೂ ಮಾಡಬಹುದಿತ್ತು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೆ ಅವರೇ ಇಟ್ಟು, ಹತ್ತಿರ ಬಂದು ಮೆಲ್ಲಗೆ, "ನಾನು ಇದನ್ನ ನೋಡಿಲ್ಲ ಅನ್ಕೋ," ಅಂದರು. ಅಪ್ಪನಿಗೆ ಕೈ ಮುಗಿದರು. "ಒಳ್ಳೇ ಮಗನ್ನ ಓದಿಸಿದೀರಿ ಯಜಮಾನ್ರೇ." ಅಪ್ಪ ಎರಡು ಪಟ್ಟು ಬಗ್ಗಿ ಕೈ ಮುಗಿದ.

ಕೆಲಸ ಸ್ಟ್ಯಾನ್ಲಿಗೆ ಆಯಿತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ರಾಜಣ್ಣ ನನ್ನ ಡಬ್ಬಿಯನ್ನು ಕೇಳಿ ಪಡೆದುಕೊಂಡ, ಸ್ಟ್ಯಾನ್ಲಿ ಅದರಲ್ಲೇ ಬಾರಿಸಿದ. ನಾನು ಕೇಳಲು ಹೋಗಲಿಲ್ಲ. ಡಿಗ್ರಿ ನೋಡಿಯೇ ನನ್ನನ್ನು ತೆಗೆದುಕೊಂಡ ಒಂದು ಕಂಪನಿ ಆಮೇಲೆ ಸಿಕ್ಕಿತು, ಟೆಸ್ಟಿಂಗ್ ಬೆಂಚಿನಲ್ಲಿ ಕುರ್ಚಿಯೂ ಸಿಕ್ಕಿತು. ಅದು ಬಹಳ ಆಮೇಲೆ.

ಅವತ್ತು ಕೈಗಾಡಿ ತಳ್ಳಿಕೊಂಡು ವಾಪಸ್ಸು ಬರುವಾಗ ಮಳೆ ನಿಂತಿತ್ತು. ಅಪ್ಪ ಗೋಣಿ ಹೆಗಲಿಗೆ ಹಾಕಿಕೊಂಡು, ಹಾಡಿನ ತಾಳವನ್ನು ಗಾಡಿಯ ಪಟ್ಟಿಯ ಮೇಲೆ ಬೆರಳಲ್ಲಿ ಕುಟ್ಟುತ್ತಾ ಬರುತ್ತಿದ್ದ.

"ನೋಡ್ದಾ? ನಾನ್ ಏಳಿದ್ ತಕ್ಸಣ ಆಯಪ್ಪ ಪೆನ್ನೇ ಮುಚ್ಬುಟ್ಟ. ಇನ್ನೇನೂ ಬರ್ಯೋದು ಬ್ಯಾಡ ಅಂತ."

"ಹೂಂ ಅಪ್ಪಾ."

"ಚೀಟಿನೂ ನಿನ್ ಜೋಬಿಗೇ ಇಟ್ಟ. ಕೈ ಮುಗ್ದ ಕಣ್ಲಾ ನಂಗೆ, ಅಷ್ಟ್ ದೊಡ್ ಮನ್ಸ. ನಾನ್ ಏಳ್ದೇ ಓಗಿದ್ರೆ ಎಸ್ಸೆಸ್ಸೆಲ್ಸಿ ಅಂತ್ಲೇ ಬರ್ಕಂಡ್ಬುಡೋನು. ಅಲ್ವಾ?"

"ಹೌದಪ್ಪಾ. ಒಳ್ಳೇ ಟೈಮಿಗೆ ಹೇಳಿದೆ."

ಸೋಮವಾರ ಬೆಳಿಗ್ಗೆ ಅಪ್ಪ ಎದ್ದು ಮುಖ ತೊಳೆದ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಹೋಗು ಅಂದರೆ ಕೆಲಸ ಕೈತಪ್ಪಿದ್ದನ್ನು ಹೇಳಬೇಕಾಗುತ್ತಿತ್ತು, ಹೋಗಬೇಡ ಅನ್ನಲು ಕೈಯಲ್ಲಿ ಕೆಲಸ ಇರಲಿಲ್ಲ.

"ಆರ್ಡರು ಬರೋಗಂಟ ತಾನೇ," ಅಂದು ಫೌಂಡ್ರಿಯ ಕಡೆ ಹೊರಟ. ಹಾಗೆ ಇನ್ನೂ ಮೂರು ಮಳೆಗಾಲ ಆ ಮರಳಿಗೇ ಹೋದ.